ಹೆರಿಗೆ ವಾರ್ಡಿನ ಕಡತಗಳನ್ನು ರದ್ದಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದರಂತೆ ಪ್ರಕಟವಾದಾಗ ರಾಜ್ಯದಲ್ಲಿ ಎದ್ದ ಗಾಬರಿಯನ್ನು ತಮ್ಮ ಓದುಗರು ಮರೆತಿರಲಾರರು. ಸತ್ತವರಲ್ಲಿ ಹಲವರು ನಲವತ್ತೈದು ದಾಟದವರಾಗಿದ್ದುದು ಆ ಗಾಬರಿಯನ್ನು ಇನ್ನಷ್ಟು ಹೆಚ್ಚಿಸಿತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ, ಯಾವ ತೊಂದರೆಯೂ ಇಲ್ಲದವರು ಸಹ ಇಸಿಜಿ ಮಾಡಿಸಿಕೊಳ್ಳಲೆಂದು ಬೆಳಗಿನಿಂದಲೇ ಸಾಲುಗಟ್ಟಿ ನಿಂತರು. ಕಾರಣ ಹೇಳುವವರಿಗೇನೂ ಕೊರತೆ ಇರಲಿಲ್ಲ. ಲಸಿಕೆ ಎಂದರು, ಕೆಲಸದ ಒತ್ತಡ ಎಂದರು, ಕರಿದ ತಿಂಡಿ ಎಂದರು, ಮನೆತನದಲ್ಲೇ ಬಂದದ್ದು ಎಂದರು. ಚಹಾದಂಗಡಿಯ ಬೆಂಚಿನಿಂದ ವಿಧಾನಸೌಧದವರೆಗೆ ಎಲ್ಲರ ಬಳಿಯೂ ಒಂದೊಂದು ಉತ್ತರವಿತ್ತು.

ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ಸರ್ಕಾರಕ್ಕೆ ಕೊಟ್ಟ ವರದಿ ಸಂಯಮದ ವರದಿಯಾಗಿತ್ತು. ಪರಿಶೀಲನೆಗೆ ಬಂದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವೇ ಆಗಿರಲಿಲ್ಲ. ಉಳಿದ 20ರಲ್ಲಿ ಕೆಲವಕ್ಕೆ ಮಾತ್ರ ಖಚಿತ ಆಧಾರ ಸಿಕ್ಕಿತು, ಮಿಕ್ಕವನ್ನು ಹೃದಯಸಂಬಂಧಿ ಸಾವು ಇರಬಹುದೆಂದು ಸಂದರ್ಭದಿಂದ ಊಹಿಸಬೇಕಾಯಿತು. ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜವಾದ ಏರಿಕೆ ಕಾಣುವುದಿಲ್ಲ ಎಂದೂ, ಸತ್ತವರಲ್ಲಿ ವಾಹನ ಚಾಲಕರ ಪ್ರಮಾಣ ಗಮನ ಸೆಳೆಯುವಷ್ಟಿದೆ ಎಂದೂ ಸಮಿತಿ ಹೇಳಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಇನ್ನು ಮುಂದೆ ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂಬ ನಿಲುವಿಗೆ ಸರ್ಕಾರವೂ ಬಂತು. ಅದು ಸ್ವಾಗತಾರ್ಹ. ಆದರೆ ಸಾವಿನ ವರದಿ ಎಂಬುದು ರೋಗದ ಕಥೆಯ ಕೊನೆಯ ಪುಟ. ನಲವತ್ತರ ಹರೆಯದ ಆಟೊ ಚಾಲಕನೊಬ್ಬನ ರಕ್ತನಾಳ ಏಕೆ ಕಟ್ಟಿಕೊಂಡಿತು ಎಂಬುದರ ಸುಳಿವು ಬಹುಮಟ್ಟಿಗೆ ಹಿಂದಿನ ಪುಟಗಳಲ್ಲಿರುತ್ತದೆ, ಮತ್ತು ಆ ಪುಟಗಳನ್ನು, ಅಂದರೆ ಆಸ್ಪತ್ರೆಗಳ ಹಳೆಯ ಹೆರಿಗೆ ದಾಖಲೆಗಳನ್ನು, ನಾವು ವರ್ಷ ವರ್ಷವೂ ತೂಕಕ್ಕೆ ಹಾಕಿ ಮಾರುತ್ತಿದ್ದೇವೆ. ಈ ಪತ್ರ ಅದರ ಕುರಿತಾದದ್ದು.

ನಾನು ವೈದ್ಯನಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಬೋಧಿಸಿ ನಿವೃತ್ತನಾದವನು. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ಕಾರಣ ವಂಶವಾಹಿಯೋ ಪರಿಸರವೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನವನ್ನು ಪಾಠ ಮಾಡುವಾಗ ನನ್ನ ಕೈಗೆ ಸಿಗುತ್ತಿದ್ದ ಉದಾಹರಣೆಗಳಲ್ಲಿ ಅತ್ಯುತ್ತಮವಾದದ್ದು ಲಂಡನ್ನಿನದೂ ಅಲ್ಲ, ಬಾಸ್ಟನ್ನಿನದೂ ಅಲ್ಲ. ಮೈಸೂರಿನ ಮಂಡಿ ಮೊಹಲ್ಲಾದ್ದು. ಈ ನಗರದ ಬಹುಪಾಲು ಜನಕ್ಕೆ ಅದರ ಪರಿಚಯವಿಲ್ಲದಿರುವುದು ನನಗೆ ಸೋಜಿಗವೆನಿಸಿದೆ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುವುದಕ್ಕೆ ಅನುಮತಿ ಕೋರುತ್ತೇನೆ.

ಮೊದಲು ಹಿನ್ನೆಲೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ 1911ರಿಂದ ಮನೆಮನೆಗೆ ಹೋಗುತ್ತಿದ್ದ ಆರೋಗ್ಯ ಸಂದರ್ಶಕಿಯರು ಪ್ರತಿ ಮಗುವಿನ ಹುಟ್ಟುತೂಕವನ್ನೂ ಒಂದು ವರ್ಷದ ತೂಕವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಆ ಪುಸ್ತಕಗಳನ್ನು ಹುಡುಕಿ ತೆಗೆದು, 1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರು ಮುಂದೆ ಯಾವ ರೋಗದಿಂದ ಸತ್ತರು ಎಂಬುದನ್ನು ತಾಳೆ ನೋಡಿದರು. ಹುಟ್ಟಿದಾಗಲೂ ಒಂದು ವರ್ಷದಲ್ಲೂ ಅತಿ ಕಡಿಮೆ ತೂಕವಿದ್ದವರಲ್ಲೇ ಹೃದ್ರೋಗದ ಸಾವು ಅತಿ ಹೆಚ್ಚು ಎಂಬುದು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಡುವಯಸ್ಸಿನ ರೋಗಕ್ಕೆ ಗರ್ಭದ ಪೋಷಣೆಯೂ ಒಂದು ಕಾರಣವಿರಬಹುದೆಂಬ ವಾದಕ್ಕೆ ಅಲ್ಲಿಂದ ಬಲ ಬಂತು. ಸಹಜವಾಗಿಯೇ ಆಕ್ಷೇಪಗಳೂ ಎದ್ದವು. ಬಡತನದಲ್ಲಿ ಹುಟ್ಟಿದವರು ಬಡತನದಲ್ಲೇ ಬೆಳೆದಿರುತ್ತಾರಲ್ಲ, ಕಾರಣ ಗರ್ಭವೆಂದು ಹೇಗೆ ಹೇಳುವುದು? ಇಂಗ್ಲೆಂಡಿನ ಒಂದು ಜಿಲ್ಲೆಯ ಮಾತು ಬೇರೆ ಜನಕ್ಕೆ ಅನ್ವಯಿಸೀತೇ?

ಅದಕ್ಕೆ ಬೇರೊಂದು ಕಡೆಯ ಹಳೆಯ ದಾಖಲೆ ಬೇಕಿತ್ತು. ಅದು ಸಿಕ್ಕಿದ್ದು ಮೈಸೂರಿನ ಅದೇ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಹಳೆಯ ಮೈಸೂರಿಗರಿಗೆ ಇದು ಮಿಷನ್ ಆಸ್ಪತ್ರೆ, 1906ರಿಂದ ನಡೆಯುತ್ತಿದೆ. ಇಲ್ಲಿ 1934ರಿಂದ ಪ್ರತಿ ಹೆರಿಗೆಗೂ ಒಂದು ಹಾಳೆ ಇರುತ್ತಿತ್ತು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ತಾಯಿಯ ಸೊಂಟದ ಮೂಳೆಯ ಅಳತೆ ಎಲ್ಲವೂ ಅದರಲ್ಲಿದ್ದವು. ಹಾಗೆ ಬರೆದಿಟ್ಟ ನರ್ಸುಗಳಿಗೂ ವೈದ್ಯೆಯರಿಗೂ ಸಂಶೋಧನೆಯ ಉದ್ದೇಶವಿರಲಿಲ್ಲ. ಅಂದಿನ ಹೆರಿಗೆಯನ್ನು ಸುರಕ್ಷಿತವಾಗಿ ಮಾಡಿಸುವುದಷ್ಟೇ ಅವರ ಕೆಲಸವಾಗಿತ್ತು. ಆದರೆ ಆ ಹಾಳೆಗಳನ್ನು ಯಾರೂ ಎಸೆಯಲಿಲ್ಲ. ಅರ್ಧ ಶತಮಾನದ ನಂತರ ಸಂಶೋಧಕರು ಆಸ್ಪತ್ರೆಯ ಆಸುಪಾಸಿನ ಬೀದಿಗಳಲ್ಲಿ ವಿಚಾರಿಸಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಸಮೀಪದಲ್ಲೇ ಬಾಳುತ್ತಿದ್ದ 517 ಗಂಡಸರು ಹೆಂಗಸರನ್ನು ಗುರುತಿಸಿ, ಹಳೆಯ ಹಾಳೆಗಳೊಂದಿಗೆ ಜೋಡಿಸಿ, ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಲವತ್ತೈದು ದಾಟಿದವರ ಪೈಕಿ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಅಥವಾ ಹೆಚ್ಚು ತೂಕದಲ್ಲಿ ಹುಟ್ಟಿದವರಲ್ಲಿ ಅದು ಶೇ 3. ಕಡಿಮೆ ತೂಕದ ಮಗುವಾಗಿ, 45 ಕಿಲೋಗಿಂತ ಕಡಿಮೆ ತೂಕದ ತಾಯಿಗೆ ಹುಟ್ಟಿದವರಲ್ಲಂತೂ ಶೇ 20.

ಇಂಗ್ಲೆಂಡಿನ ಪಾಠವೇ ಮೈಸೂರಿನಲ್ಲೂ ಪುನರಾವರ್ತನೆಯಾಯಿತು ಎಂದುಕೊಂಡು ಮುಗಿಸಬಹುದಾಗಿದ್ದರೆ ನಾನಿದನ್ನು ಇಷ್ಟು ಮೆಚ್ಚುತ್ತಿರಲಿಲ್ಲ. ಎರಡು ವರ್ಷದ ನಂತರ ಅದೇ ಜನರಲ್ಲಿ ಮಧುಮೇಹವನ್ನು ಪರಿಶೀಲಿಸಿದಾಗ ಲೆಕ್ಕ ಬೇರೆಯೇ ಬಂತು. ಪಾಶ್ಚಾತ್ಯ ದೇಶಗಳಲ್ಲಿ ಕಡಿಮೆ ಹುಟ್ಟುತೂಕದವರಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಕಂಡಿದ್ದರೆ, ಮೈಸೂರಿನಲ್ಲಿ ಹಾಗೆ ಕಾಣಲಿಲ್ಲ. ಇಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಉದ್ದ ಕಡಿಮೆಯಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರೂ ಸರಾಸರಿಗಿಂತ ತೂಕವುಳ್ಳವರೇ. ಹಾಗಾದರೆ ಆ ತಾಯಂದಿರಿಗೆ ಬಸುರಿನಲ್ಲಿ, ಯಾರೂ ಪತ್ತೆ ಮಾಡದ ಸಕ್ಕರೆ ಏರಿಕೆ ಇದ್ದಿರಬಹುದೇ ಎಂಬ ಅನುಮಾನ ಹುಟ್ಟಿತು. 1940ರ ದಶಕದ ಹಾಳೆಯಲ್ಲಿ ಸಕ್ಕರೆಯ ಅಂಕಿ ಇರಲಿಲ್ಲ. ಸತ್ತುಹೋದ ತಾಯಂದಿರ ರಕ್ತವನ್ನು ಪರೀಕ್ಷಿಸುವಂತಿರಲಿಲ್ಲ. ಉಳಿದ ದಾರಿ ಒಂದೇ: ಹೊಸ ಬಸುರಿಯರಿಂದ ಮತ್ತೆ ಆರಂಭಿಸುವುದು.

ಹಾಗೆ ಆರಂಭವಾದದ್ದೇ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಗರ್ಭಿಣಿಯರೊಂದಿಗೆ ಶುರುವಾದ ಪಾರ್ಥೆನಾನ್ ಅಧ್ಯಯನ. ಹೆಸರಿಗೂ ಗ್ರೀಸಿಗೂ ಸಂಬಂಧವಿಲ್ಲ. ಹಣ ಕೊಟ್ಟ ಸ್ವಿಟ್ಜರ್‌ಲೆಂಡಿನ ಪಾರ್ಥೆನಾನ್ ಟ್ರಸ್ಟಿನ ಹೆಸರದು. ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಡಾ. ಜಿ.ವಿ. ಕೃಷ್ಣವೇಣಿ ಅವರು ಸಹೋದ್ಯೋಗಿಗಳೊಂದಿಗೆ ಇದನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದರು. ಪ್ರತಿ ಬಸುರಿಗೂ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದಾಗ ಸುಮಾರು ಶೇ 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಇದ್ದುದು ಪತ್ತೆಯಾಯಿತು. ಐದು ವರ್ಷದ ನಂತರ ಅವರನ್ನು ಮತ್ತೆ ಕರೆದು ನೋಡಿದಾಗ, ಆ ಗುಂಪಿನಲ್ಲಿ ಶೇ 37 ಮಂದಿಗೆ ಪೂರ್ಣಪ್ರಮಾಣದ ಮಧುಮೇಹ ಬಂದಿತ್ತು. ಗರ್ಭಾವಸ್ಥೆಯಲ್ಲಿ ಸಕ್ಕರೆ ಸರಿಯಿದ್ದವರಲ್ಲಿ ಶೇ 2 ಮಾತ್ರ. ‘ಹೆರಿಗೆಯಾದ ಮೇಲೆ ಎಲ್ಲ ಸರಿಹೋಗುತ್ತದೆ’ ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತಿಗೆ ಈ ಎರಡು ಅಂಕಿಗಳು ಸಾಕಷ್ಟು ಉತ್ತರ.

ನಾನು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಮಕ್ಕಳ ಲೆಕ್ಕದ ಬಳಿ. ಮಧುಮೇಹವಿರುವ ತಾಯಿ ಮಗುವಿಗೆ ಎರಡನ್ನು ಒಟ್ಟಿಗೆ ಕೊಡುತ್ತಾಳೆ: ತನ್ನ ವಂಶವಾಹಿಗಳ ಅರ್ಧವನ್ನು, ಮತ್ತು ಒಂಬತ್ತು ತಿಂಗಳು ಸಕ್ಕರೆ ಹೆಚ್ಚಿರುವ ರಕ್ತದ ಆಸರೆಯನ್ನು. ಮಗುವಿನಲ್ಲಿ ಮುಂದೆ ಬೊಜ್ಜೋ ಇನ್ಸುಲಿನ್ ಏರಿಕೆಯೋ ಕಂಡರೆ ಅದು ಯಾವುದರ ಫಲ ಎಂದು ಹೇಳುವುದು ಹೇಗೆ? ತಂದೆಯಾದರೋ ವಂಶವಾಹಿಯನ್ನು ಮಾತ್ರ ಕೊಡುತ್ತಾನೆ, ಗರ್ಭವನ್ನು ಕೊಡುವುದಿಲ್ಲ. ಆದ್ದರಿಂದ ಸಂಶೋಧಕರು ತಂದೆಯಂದಿರ ಸಕ್ಕರೆಯನ್ನೂ ಪರೀಕ್ಷಿಸಿದರು. ಐದನೆಯ ವಯಸ್ಸಿನಲ್ಲಿ ಅಳೆದಾಗ, ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಬೊಜ್ಜೂ ಇನ್ಸುಲಿನ್ನೂ ಹೆಚ್ಚಿದ್ದವು. ತಂದೆಗೆ ಮಾತ್ರ ಮಧುಮೇಹವಿದ್ದ ಮಕ್ಕಳ ದೇಹದ ಅಳತೆ ಇತರ ಮಕ್ಕಳಿಗಿಂತ ಬೇರೆಯಾಗಿರಲಿಲ್ಲ. ಒಂದು ಅಧ್ಯಯನದಿಂದ, ಕೆಲವೇ ಹತ್ತು ಮಕ್ಕಳ ಗುಂಪಿನಿಂದ ಅಂತಿಮ ತೀರ್ಪು ಕೊಡಲಾಗದು ಎಂಬುದನ್ನು ಸಂಖ್ಯಾಶಾಸ್ತ್ರದವನಾಗಿ ನಾನೇ ಮೊದಲು ಹೇಳಬೇಕು. ಆದರೂ, ‘ಅನುವಂಶೀಯ’ ಎಂದು ನಾವು ಒಂದೇ ಮಾತಿನಲ್ಲಿ ತಳ್ಳಿಹಾಕುವ ಕಾಯಿಲೆಯೊಳಗೆ ಗರ್ಭದ ಪರಿಸರದ ಪಾಲು ಎಷ್ಟೆಂದು ಬೇರ್ಪಡಿಸಿ ನೋಡುವ ಯುಕ್ತಿ ಇದಕ್ಕಿಂತ ಸರಳವಾಗಿ, ಇದಕ್ಕಿಂತ ಅಗ್ಗವಾಗಿ ಇರಲಾರದು. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಊರು ಬಿಟ್ಟು ಹೋಗದ ಸಂಶೋಧಕರು, ಕರೆದಾಗ ಬರುವ ಕುಟುಂಬಗಳು, ಕಳೆದುಹೋಗದ ಕಡತ.

ಇದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೊರಗೆಡವಿತು. ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇ 43 ಮಂದಿಗೆ ಬಿ12 ಜೀವಸತ್ವದ ಕೊರತೆ ಇತ್ತು. ಫೋಲೇಟ್ (ಫೋಲಿಕ್ ಆಮ್ಲ) ಕೊರತೆ ಇದ್ದವರು ಕೇವಲ ಶೇ 4. ಬಿ12 ಕಡಿಮೆಯಿದ್ದವರಲ್ಲಿ ಬೊಜ್ಜೂ, ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚಾಗಿ ಕಂಡವು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1990ರ ದಶಕದಿಂದ ನಡೆಸಿದ ಅಧ್ಯಯನವೂ ತಾಯಿಯ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದಾಗ ಮಗುವಿನಲ್ಲಿ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚು ಎಂದು ತೋರಿಸಿದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪದೆ ಕೊಡುತ್ತಾರೆ, ಅದು ಕೊಡಬೇಕಾದದ್ದೇ; ಆದರೆ ಬಿ12 ನೋಡುವ ರೂಢಿ ಇಲ್ಲ. ಮೈಸೂರಿನ ಬಸುರಿಯರ ರಕ್ತದಿಂದ ತಿಳಿದುಬಂದ ಸಂಗತಿ ಮೈಸೂರಿನ ಬಸುರಿಯರ ಮಾತ್ರೆಯ ಪಟ್ಟಿಯನ್ನು ಇನ್ನೂ ತಲುಪಿಲ್ಲ.

ಈಗ ವಂಶವಾಹಿಯ ಕಡೆಗೆ ಬರುತ್ತೇನೆ, ಏಕೆಂದರೆ ಈಚಿನ ವರ್ಷಗಳಲ್ಲಿ ಸರ್ಕಾರದ ಹಣವೂ ಪತ್ರಿಕೆಗಳ ಉತ್ಸಾಹವೂ ಆ ಕಡೆ ಹೆಚ್ಚು ಹರಿದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ 83 ಸಮುದಾಯಗಳ ಸುಮಾರು 10,000 ಜನರ ಪೂರ್ಣ ಡಿಎನ್‌ಎ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು. ಇದು ಅಗತ್ಯವಾಗಿದ್ದ ಕೆಲಸ. ಇದುವರೆಗೆ ಜಗತ್ತಿನಲ್ಲಿ ನಡೆದ ಇಂತಹ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಬಹುಪಾಲು ಯುರೋಪ್ ಮೂಲದವರೇ ಆದ್ದರಿಂದ, ಅವರ ರಕ್ತದಿಂದ ಕಟ್ಟಿದ ಅಪಾಯದ ಸೂಚ್ಯಂಕಗಳು ನಮ್ಮವರಿಗೆ ಅಷ್ಟು ಸರಿಯಾಗಿ ಹೊಂದುವುದಿಲ್ಲ. ನಮ್ಮಲ್ಲಿ ಶತಮಾನಗಳಿಂದ ಜಾತಿಯೊಳಗೇ ಮದುವೆ. ಹಳೆ ಮೈಸೂರು ಸೀಮೆಯಲ್ಲಂತೂ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ. ಹೀಗಿರುವಾಗ ಬೇರೆ ಜನರಲ್ಲಿ ಅಪರೂಪವಾದ ಬದಲಾವಣೆಗಳು ಇಲ್ಲಿ ಗುಂಪುಗುಂಪಾಗಿ ಸಿಗುವುದು ಆಶ್ಚರ್ಯವಲ್ಲ.

ಅಂತಹದೊಂದು ಹೆಸರಾದ ಉದಾಹರಣೆಯೂ ಇದೆ. ಹೃದಯದ ಸ್ನಾಯುವಿನ ಪ್ರೊಟೀನೊಂದಕ್ಕೆ ಸಂಬಂಧಿಸಿದ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ಭಾರತೀಯರಲ್ಲಿ ಸುಮಾರು ಶೇ 4 ಮಂದಿಯಲ್ಲಿ ಕಾಣುತ್ತದೆ, ಅಂಥವರಿಗೆ ನಡುವಯಸ್ಸು ದಾಟಿದ ಮೇಲೆ ಹೃದಯ ಸೋಲುವ ಅಪಾಯ ಹಲವು ಪಟ್ಟು ಹೆಚ್ಚು ಎಂದು 2009ರಲ್ಲಿ ಪ್ರಕಟವಾದಾಗ ದೊಡ್ಡ ಸುದ್ದಿಯಾಯಿತು. ಅನಂತರದ ಅಧ್ಯಯನಗಳು, ಆ ಲೋಪವಿರುವ ಎಲ್ಲರಿಗೂ ಅಪಾಯವಿಲ್ಲ, ಕೆಲವರಲ್ಲಿ ಅದರ ಜೊತೆಗೇ ಪೀಳಿಗೆಯಿಂದ ಪೀಳಿಗೆಗೆ ಸಾಗಿಬರುವ ಮತ್ತೊಂದು ಬದಲಾವಣೆಯೇ ನಿಜವಾದ ತಪ್ಪಿತಸ್ಥ ಎಂಬ ಕಡೆಗೆ ಬೊಟ್ಟು ಮಾಡಿದವು. ಮೊದಲ ಸುದ್ದಿ ಮುಖಪುಟಕ್ಕೆ ಬಂದಿತ್ತು. ತಿದ್ದುಪಡಿ ಅಷ್ಟು ದೂರ ಬರಲಿಲ್ಲ. ತಮ್ಮ ಪತ್ರಿಕೆಯ ವಿಜ್ಞಾನ ವರದಿಗಾರರು ಇದನ್ನು ಗಮನಿಸಬೇಕೆಂದು ವಿನಂತಿ.

ಮಧುಮೇಹದ ವಿಷಯದಲ್ಲಿ ವಂಶವಾಹಿಗಳ ಸ್ವಭಾವ ಇನ್ನೂ ಮೃದು. 2006ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಗುರುತಿಸಿದ, ಮರುವರ್ಷವೇ ಪುಣೆ ಮತ್ತು ಹೈದರಾಬಾದಿನ ಸಂಶೋಧಕರು ಭಾರತೀಯರಲ್ಲೂ ದೃಢಪಡಿಸಿದ ಟಿಸಿಎಫ್7ಎಲ್2 ಎಂಬ ವಂಶವಾಹಿಯ ಒಂದು ರೂಪ, ಈವರೆಗೆ ಸಿಕ್ಕಿರುವ ಸಾಮಾನ್ಯ ಬದಲಾವಣೆಗಳಲ್ಲೇ ಪ್ರಬಲವಾದದ್ದು. ಅದರ ಒಂದು ಪ್ರತಿ ಇದ್ದರೆ ಅಪಾಯ ಹೆಚ್ಚುವುದು ಒಂದೂವರೆ ಪಟ್ಟಿಗೂ ಕಡಿಮೆ. ಉಳಿದ ನೂರಾರು ಬದಲಾವಣೆಗಳ ಪ್ರಭಾವ ಇನ್ನೂ ಚಿಕ್ಕದು. ಇನ್ನೊಂದೆಡೆ, 2008ರಿಂದ 2020ರವರೆಗೆ 1,13,043 ಜನರನ್ನು ಪರೀಕ್ಷಿಸಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ, ಅಂದರೆ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಶೇ 35.5 ಮಂದಿಗೆ ರಕ್ತದೊತ್ತಡವಿದೆ. ನನ್ನ ಅಜ್ಜನ ಕಾಲದಿಂದ ನನ್ನ ಮೊಮ್ಮಗನ ಕಾಲಕ್ಕೆ ಈ ನಾಡಿನ ಜನರ ವಂಶವಾಹಿ ಬದಲಾಗಿಲ್ಲ. ಅಷ್ಟು ಬೇಗ ಅದು ಬದಲಾಗುವುದೂ ಇಲ್ಲ. ಬದಲಾದದ್ದು ತಟ್ಟೆ, ದುಡಿಮೆ, ನಿದ್ದೆ, ಗಾಳಿ, ನೀರು, ಮತ್ತು ಬಸುರಿಯ ಹೊಟ್ಟೆಗೆ ಸೇರುವ ಆಹಾರ. ಹಾಗೆಂದು ವಂಶವಾಹಿ ಅಪ್ರಸ್ತುತವೆಂದಲ್ಲ. ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕಾಯಿಲೆ ಬಂದು ಇನ್ನೊಬ್ಬನಿಗೆ ಬಾರದಿರುವುದಕ್ಕೆ ಅದೂ ಒಂದು ವಿವರಣೆ. ಆದರೆ ಯಾವ ವಂಶವಾಹಿ ಯಾವ ಪರಿಸರದಲ್ಲಿ ಕೆಡುಕು ಮಾಡುತ್ತದೆ ಎಂಬುದು ಎರಡನ್ನೂ ಒಬ್ಬನೇ ಮನುಷ್ಯನಲ್ಲಿ, ಬಹುಕಾಲ, ಒಟ್ಟಿಗೆ ಅಳೆದರೆ ಮಾತ್ರ ತಿಳಿಯುತ್ತದೆ.

ಬ್ರಿಟನ್ನಿನ ಬಯೋಬ್ಯಾಂಕ್ ಇಂದು ಜಗತ್ತಿಗೆಲ್ಲ ಉಪಯೋಗಕ್ಕೆ ಬರುತ್ತಿರುವುದು ಅದರಲ್ಲಿ ಐದು ಲಕ್ಷ ಜನರ ರಕ್ತವಿದೆ ಎಂಬ ಕಾರಣಕ್ಕೆ ಮಾತ್ರವಲ್ಲ. 2006ರಿಂದ 2010ರ ನಡುವೆ ಸೇರಿದ, 40ರಿಂದ 69 ವರ್ಷದೊಳಗಿನ ಆ ಜನರ ಊಟ, ಉದ್ಯೋಗ, ವಾಸಸ್ಥಳದ ಗಾಳಿಯ ಗುಣಮಟ್ಟ, ಅನಂತರ ಅವರು ಆಸ್ಪತ್ರೆಗೆ ಸೇರಿದ್ದು, ಸತ್ತದ್ದು ಎಲ್ಲವೂ ಆ ರಕ್ತದ ಶೀಷೆಗೆ ಜೋಡಣೆಯಾಗಿವೆ. ನಮ್ಮ ಹತ್ತು ಸಾವಿರ ಜೀನೋಮ್‌ಗಳಿಗೆ ಅಂತಹ ಜೋಡಣೆಯನ್ನು ಮುಂದೆ ಒದಗಿಸದೆ ಹೋದರೆ, ಅವು ನಮ್ಮ ಜನರ ಇತಿಹಾಸವನ್ನು ಹೇಳಿಯಾವು, ನಮ್ಮ ಜನರ ಕಾಯಿಲೆಯ ಕಾರಣವನ್ನು ಹೇಳಲಾರವು.

ಅದೃಷ್ಟವಶಾತ್ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಪ್ರಯತ್ನ ನಡೆಯುತ್ತಿದೆ. ಅದೇ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ಗುರಿಯಾಗಿಟ್ಟುಕೊಂಡು ದೀರ್ಘಕಾಲದ ಅಧ್ಯಯನ ಕೈಗೊಂಡಿದ್ದಾರೆ. ಮರೆವಿನ ರೋಗ ಏಕೆ ಬರುತ್ತದೆ ಎಂಬುದು ಮುಖ್ಯ ಪ್ರಶ್ನೆಯಾದರೂ, ರಕ್ತದೊತ್ತಡ, ಸಕ್ಕರೆ, ಡಿಎನ್‌ಎ, ಮೆದುಳಿನ ಎಂಆರ್‌ಐ ಎಲ್ಲವೂ ಅದರೊಳಗೆ ಸೇರಿವೆ. ಕೋಲಾರ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ತಿಳಿದದ್ದು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಆ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಮಾವಿನ ತೋಟಗಳಿಗೆ ಔಷಧಿ ಸಿಂಪಡಿಸುವವರು ಇದೇ ಹಳ್ಳಿಗಳ ಜನ. ಒಂದು ತಾಲ್ಲೂಕಿನ ಜನರ ಡಿಎನ್‌ಎ ಓದುವಷ್ಟು ಸಾಮರ್ಥ್ಯ ನಮ್ಮಲ್ಲಿರುವಾಗ ಅವರು ಕುಡಿಯುವ ನೀರನ್ನೂ ಉಸಿರಾಡುವ ಗಾಳಿಯನ್ನೂ ಸಿಂಪಡಿಸುವ ಔಷಧಿಯನ್ನೂ ವರ್ಷ ವರ್ಷವೂ ಅಳೆದು ಅದೇ ಕಡತಕ್ಕೆ ಸೇರಿಸುವುದು ಅಸಾಧ್ಯವಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ, ಅಂತರ್ಜಲ ನಿರ್ದೇಶನಾಲಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಆರೋಗ್ಯ ಸಂಶೋಧಕರ ಜೊತೆ ಒಂದೇ ಮೇಜಿಗೆ ಕೂರಬೇಕು, ಅಷ್ಟೇ. ಸರ್ಕಾರಿ ಕಚೇರಿಗಳ ಪರಿಚಯವಿರುವ ನನಗೆ ಈ ‘ಅಷ್ಟೇ’ ಎಷ್ಟು ದೊಡ್ಡದೆಂಬುದು ತಿಳಿಯದ್ದಲ್ಲ.

ಹಾಸನದ ಚಾಲಕರ ಮಾತಿಗೂ ಇದು ಅನ್ವಯಿಸುತ್ತದೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂತೇ ಇರುವುದು, ಹೊಗೆ, ಬೀಡಿ ಸಿಗರೇಟು, ರಾತ್ರಿ ಪಾಳಿ, ಹೊತ್ತುಗೊತ್ತಿಲ್ಲದ ಊಟ, ಸಾಲದ ಕಂತಿನ ಚಿಂತೆ, ಇವುಗಳಲ್ಲಿ ಯಾವುದರ ಪಾಲು ಎಷ್ಟು? ಜಯದೇವ ಸಂಸ್ಥೆ 2017ರಿಂದ ನಲವತ್ತರೊಳಗಿನ ಹೃದ್ರೋಗಿಗಳ ಪ್ರತ್ಯೇಕ ದಾಖಲಾತಿ ನಡೆಸುತ್ತಿರುವುದು ಶ್ಲಾಘನೀಯ. ಆದರೆ ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದರೆ ಬಾರದವರ ಲೆಕ್ಕ ಸಿಗುವುದಿಲ್ಲ, ಕಾಯಿಲೆ ಬಾರದ ಚಾಲಕರೊಂದಿಗೆ ಹೋಲಿಸುವುದಕ್ಕೂ ಆಗುವುದಿಲ್ಲ. ಕ್ಯಾನ್ಸರ್ ವಿಷಯದಲ್ಲಿ ನಾವು ಇದನ್ನು ಬಹಳ ಹಿಂದೆಯೇ ಅರಿತಿದ್ದೆವು: ಕಿದ್ವಾಯಿ ಸಂಸ್ಥೆಯ ಮೂಲಕ 1982ರಿಂದ ಬೆಂಗಳೂರು ನಗರದ ಇಡೀ ಜನಸಂಖ್ಯೆಯ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ, ಯಾವ ಕ್ಯಾನ್ಸರ್ ಹೆಚ್ಚುತ್ತಿದೆ, ಯಾವುದು ಕಡಿಮೆಯಾಗುತ್ತಿದೆ ಎಂದು ಇಂದು ಆಧಾರದೊಂದಿಗೆ ಹೇಳಬಹುದಾಗಿರುವುದು ಅದರಿಂದ. ಹೃದಯಾಘಾತಕ್ಕೆ ಜಿಲ್ಲೆಯೊಂದರಲ್ಲಾದರೂ ಅಂತಹ ನೋಂದಣಿ ಇದ್ದಿದ್ದರೆ, ಹಾಸನದಲ್ಲಿ ಸಾವು ಹೆಚ್ಚಿತೇ ಇಲ್ಲವೇ ಎಂಬ ಪ್ರಶ್ನೆಗೆ ಸಮಿತಿಯನ್ನೇ ರಚಿಸಬೇಕಾಗುತ್ತಿರಲಿಲ್ಲ.

ಇನ್ನು ಕಡತಗಳ ಮಾತು. ವೈದ್ಯರ ವೃತ್ತಿನಡತೆಯ ಕುರಿತು ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಯ್ದಿಟ್ಟರೆ ಸಾಕು ಎನ್ನುತ್ತದೆ. ಮೂರು ವರ್ಷ! ಮಿಷನ್ ಆಸ್ಪತ್ರೆಯವರು ಇದೇ ಲೆಕ್ಕವನ್ನು ಹಿಡಿದಿದ್ದರೆ 1934ರ ಹಾಳೆ 1937ರಲ್ಲಿ ಒಲೆ ಸೇರಿರುತ್ತಿತ್ತು, ಮೇಲೆ ನಾನು ಬರೆದ ಒಂದು ಅಂಕಿಯೂ ಇರುತ್ತಿರಲಿಲ್ಲ. ಆಸ್ಪತ್ರೆಗಳ ರೆಕಾರ್ಡ್ ರೂಮುಗಳಲ್ಲಿ ಜಾಗವಿಲ್ಲ ಎಂಬುದು ನಿಜ. ನಾನು ಬಲ್ಲ ಆಸ್ಪತ್ರೆಯೊಂದರಲ್ಲಿ ಕಟ್ಟಡ ದುರಸ್ತಿಯ ಹೊತ್ತಿಗೆ ದಶಕಗಳ ಹೆರಿಗೆ ರಿಜಿಸ್ಟರ್‌ಗಳನ್ನು ಮಳೆಗೆ ಒಡ್ಡಿದ ಮೊಗಸಾಲೆಯಲ್ಲಿ ರಾಶಿ ಹಾಕಿ, ಕೊನೆಗೆ ಗೆದ್ದಲು ಹಿಡಿದಿದೆಯೆಂದು ವಿಲೇವಾರಿ ಮಾಡಿದರು. ಯಾರದೂ ದುರುದ್ದೇಶವಿರಲಿಲ್ಲ, ಅದು ಬೇಕಾಗಬಹುದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆಯಲ್ಲ ಎಂಬ ಉತ್ತರ ಬರುತ್ತದೆ. ನಿಜವೇ, ತಾಯಿ ಕಾರ್ಡಿನ ಮಾಹಿತಿ ಪೋರ್ಟಲ್ಲಿಗೆ ಏರುತ್ತದೆ, ಆಶಾ ಕಾರ್ಯಕರ್ತೆಯರು ರಾತ್ರಿ ಕೂತು ಮೊಬೈಲಿನಲ್ಲಿ ಅಂಕಿ ತುಂಬುತ್ತಾರೆ. ಆದರೆ ಆ ಕಾರ್ಡಿನಲ್ಲಿ ಮಗುವಿನ ತೂಕವಿರುತ್ತದೆ, ಉದ್ದ ಹಲವು ಸಲ ಇರುವುದಿಲ್ಲ. ಮೈಸೂರಿನ ಅಧ್ಯಯನದಲ್ಲಿ ಮಧುಮೇಹದ ಸುಳಿವು ಸಿಕ್ಕಿದ್ದು ತೂಕದಿಂದಲ್ಲ, ಉದ್ದಕ್ಕೆ ತಕ್ಕ ತೂಕದಿಂದ ಎಂಬುದನ್ನು ನೆನಪಿಡಬೇಕು. ತೂಕವೂ ಎಷ್ಟೋ ಕಡೆ ಎರಡೂವರೆ, ಮೂರು ಎಂದು ದುಂಡು ಸಂಖ್ಯೆಯಲ್ಲಿ ನಮೂದಾಗುತ್ತದೆ. ಇಂತಹ ಅಂಕಿಗಳನ್ನು ಕಂಡೊಡನೆ ಸಂಖ್ಯಾಶಾಸ್ತ್ರದವರಿಗೆ ಸಂಕಟವಾಗುತ್ತದೆ. ತಂತ್ರಾಂಶ ಬದಲಾದಾಗ ಹಳೆಯ ಮಾಹಿತಿ ಹೊಸದಕ್ಕೆ ಸರಿಯಾಗಿ ವರ್ಗವಾಯಿತೇ ಎಂದು ನೋಡಿಕೊಳ್ಳುವ ಹೊಣೆಯನ್ನು ಯಾರಾದರೂ ಹೊರಬೇಕು. ತಾಯಿಯ ಗುರುತಿನಡಿ ದಾಖಲಾದ ಮಗು ಮುಂದೆ ತನ್ನದೇ ಗುರುತಿನ ಸಂಖ್ಯೆ ಪಡೆದು ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಕ್ಲಿನಿಕ್ಕಿಗೆ ಬಿ.ಪಿ. ತೋರಿಸಲು ಬಂದಾಗ ಆ ಎರಡನ್ನೂ ಬೆಸೆಯುವ ಕೊಂಡಿಯೂ ಇರಬೇಕು.

ಜನರ ಒಪ್ಪಿಗೆಯ ವಿಷಯವನ್ನು ಮರೆಯುವಂತಿಲ್ಲ. ರಕ್ತ ಕೊಡುವವರಿಗೆ ಅದು ಏಕೆ, ಎಷ್ಟು ವರ್ಷ, ಯಾರ ಬಳಿ ಇರುತ್ತದೆ ಎಂಬುದನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ, ಬೇಡವೆನಿಸಿದಾಗ ಹೊರಬರುವ ಹಕ್ಕನ್ನು ಕೊಡಬೇಕು. ಪರೀಕ್ಷೆಯ ಫಲಿತಾಂಶ ಅವರ ಕೈ ಸೇರಬೇಕು. ಸಕ್ಕರೆ ಏರಿದೆಯೆಂದು ಗೊತ್ತಾದವರಿಗೆ ಚಿಕಿತ್ಸೆಯ ದಾರಿಯೂ ಇರಬೇಕು. ಸಮುದಾಯವಾರು ಡಿಎನ್‌ಎ ಮಾಹಿತಿ ನಾಳೆ ‘ಇಂಥ ಜಾತಿಯವರಿಗೆ ಇಂಥ ರೋಗ’ ಎಂಬ ಬೀದಿಮಾತಾಗಿ, ವಿಮಾ ಕಂಪನಿಗಳ ನೆಪವಾಗಿ ಮಾರ್ಪಡದಂತೆ ಕಾನೂನಿನ ರಕ್ಷಣೆಯೂ ಅಗತ್ಯ. ಈ ಎಚ್ಚರಿಕೆಗಳಿಲ್ಲದೆ ಜನ ಎರಡನೆಯ ಸಲ ಕರೆದಾಗ ಬರುವುದಿಲ್ಲ, ಮತ್ತು ಎರಡನೆಯ ಸಲ ಬಾರದಿದ್ದರೆ ಇಂತಹ ಅಧ್ಯಯನವೇ ಇಲ್ಲ.

ಮೈಸೂರಿನ ಈ ಕೆಲಸಕ್ಕೆ ಹಣ ಬಂದದ್ದು ಬಹುಮಟ್ಟಿಗೆ ಸ್ವಿಟ್ಜರ್‌ಲೆಂಡ್ ಮತ್ತು ಬ್ರಿಟನ್ನುಗಳಿಂದ. ನಮ್ಮ ತಾಯಂದಿರ, ನಮ್ಮ ಮಕ್ಕಳ ಆರೋಗ್ಯದ ಕಾರಣ ಹುಡುಕಲು ಬೇರೆ ದೇಶದ ದತ್ತಿಗಳನ್ನು ನೆಚ್ಚಿಕೊಂಡಿರಬೇಕಾದ ಸ್ಥಿತಿ ಒಂದು ರಾಜ್ಯ ಸರ್ಕಾರಕ್ಕೆ ಶೋಭೆಯಲ್ಲ. ಎರಡು ಮೂರು ಜಿಲ್ಲೆಗಳಲ್ಲಿ ಹುಟ್ಟಿನಿಂದ ಹಿಡಿದು ನಡುವಯಸ್ಸಿನವರೆಗೆ ಜನರನ್ನು ಅನುಸರಿಸುವ ಅಧ್ಯಯನಗಳಿಗೆ ಬಜೆಟ್ಟಿನಲ್ಲಿ ಶಾಶ್ವತ ಅನುದಾನವಿರಲಿ ಎಂಬುದು ನನ್ನ ಕೋರಿಕೆ. ಅದಕ್ಕೆ ಕಾಲ ಹಿಡಿಯಬಹುದು. ಆದರೆ ಅದಕ್ಕೂ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಚೆಲುವಾಂಬ, ವಾಣಿವಿಲಾಸ ಮೊದಲಾದ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲೂ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲೂ ಉಳಿದಿರುವ ಹಳೆಯ ಹೆರಿಗೆ ರಿಜಿಸ್ಟರ್‌ಗಳನ್ನು ಮುಂದಿನ ಆದೇಶದವರೆಗೆ ವಿಲೇವಾರಿ ಮಾಡಬಾರದು, ಅವನ್ನು ಸ್ಕ್ಯಾನ್ ಮಾಡಿ ರಾಜ್ಯ ಪತ್ರಾಗಾರದಲ್ಲಿ ಒಂದು ಪ್ರತಿ ಇಡಬೇಕು, ಇಂದಿನಿಂದ ಹುಟ್ಟುವ ಪ್ರತಿ ಮಗುವಿನ ಉದ್ದವನ್ನೂ ತೂಕದ ಜೊತೆಗೆ ಅಳೆದು ಬರೆಯಬೇಕು ಎಂದು ತಿಳಿಸಬೇಕು. ಇದಕ್ಕೆ ಮಸೂದೆ ಬೇಕಿಲ್ಲ, ಸಮಿತಿಯೂ ಬೇಕಿಲ್ಲ. ಆರೋಗ್ಯ ಇಲಾಖೆಯಿಂದ ಒಂದು, ವೈದ್ಯಕೀಯ ಶಿಕ್ಷಣ ಇಲಾಖೆಯಿಂದ ಒಂದು, ಹೀಗೆ ಎರಡು ಸುತ್ತೋಲೆಗಳು ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ಮೈಸೂರು